ಸೀಸರನಿಗೆ ಕೊಟ್ಟ ಪಂಚೆ

ಅಧಿಕಾರದ ಆಸೆ ನನಗಿಲ್ಲ ಎಂದು ಹೇಳುವವರನ್ನು ನಂಬಬೇಡಿ. ನಾನೂ ಹಾಗೆಯೇ ಹೇಳುತ್ತಿದ್ದೆ. ನನ್ನ ಸಿಂಹಾಸನವಾದರೂ ಏನು? ಒಂದು ಸೌಟು. ಅಮೆರಿಕದ ಫ್ರೀಮಾಂಟಿನಲ್ಲಿ ನಾವು ಕನ್ನಡದವರು ಯುಗಾದಿಗೆ ಒಟ್ಟಿಗೆ ಊಟ ಮಾಡುತ್ತೇವೆ. ಒಂದು ವರ್ಷ ಅಡುಗೆಯವರು ಕೈಕೊಟ್ಟರೆಂದು ನಾನು ಬಿಸಿಬೇಳೆಬಾತ್ ಮಾಡಿದೆ. ಆಮೇಲಿನ ವರ್ಷಗಳಲ್ಲಿ ಮಾಡಿ ಎಂದು ಯಾರೂ ಕೇಳಲಿಲ್ಲ, ನಾನೂ ಸೌಟು ಬಿಡಲಿಲ್ಲ. ಮಂಡ್ಯದ ಕೈ ನೋಡಿ, ಖಾರ ಸ್ವಲ್ಪ ಜೋರು. ಮಕ್ಕಳೆಲ್ಲ ಮೊಸರನ್ನಕ್ಕೆ ಓಡುತ್ತಿದ್ದರು. ಅಮೆರಿಕದ ಮಕ್ಕಳ ನಾಲಿಗೆಯೇ ಸರಿಯಿಲ್ಲ ಎಂದುಕೊಂಡೆ.

ಈ ವರ್ಷ ಯುಗಾದಿಗೆ ಮೊದಲು ಮಗಳು ಅನಘಾಗೆ ಶಾಲೆಯ ನಾಟಕದಲ್ಲಿ ರೋಮಿನ ಸೀಸರನ ಪಾತ್ರ ಸಿಕ್ಕಿತು. ಉಡುಗೆಗೆ ನನ್ನ ಹಬ್ಬದ ಜರಿ ಪಂಚೆಯೇ ಬೇಕಂತೆ. ಸೀಸರನನ್ನು ಇರಿದಾಗ ಬರುವ ರಕ್ತಕ್ಕೆ ಏನು ಮಾಡುವುದೆಂದು ನಾನು ಯೋಚಿಸುವಷ್ಟರಲ್ಲಿ ನನ್ನ ಹೆಂಡತಿ ಸುಧಾ ಅರಿಶಿನದ ನೀರಿಗೆ ಸುಣ್ಣ ಕದಡಿ ಪಂಚೆಯ ಮೇಲೆ ಸುರಿದೇಬಿಟ್ಟಳು.

"ಅಯ್ಯೋ, ಅದು ಆರತಿ ನೀರು ಕಣೇ!"

"ನಿಮ್ ದೃಷ್ಟಿ ಹೋಯ್ತು ಅಂದ್ಕೊಳ್ಳಿ."

"ಸೀಸರನನ್ನ ಯಾಕಮ್ಮ ಕೊಂದ್ರು?" ಎಂದು ಮಗಳನ್ನು ಕೇಳಿದೆ.

"ಅಪ್ಪ, ಹೀ ವುಡಂಟ್ ಲೀವ್. ಲೈಫ್ ಲಾಂಗ್ ನಾನೇ ರೂಲರ್ ಅಂದ. ಫ್ರೆಂಡ್ಸೇ ಸ್ಟ್ಯಾಬ್ ಮಾಡಿದ್ರು. ಬಟ್ ಆಮೇಲೆ ಇನ್ನೊಬ್ಬ ಅದೇ ಥರದೋನು ಬಂದ. ಈ ಸಾವು ಏನನ್ನ ಸಿಂಬಲೈಸ್ ಮಾಡುತ್ತೆ ಅಂತ ಬರೀಬೇಕು."

ಪಾಪ, ಒಳ್ಳೆಯ ಪ್ರಶ್ನೆ ಎಂದೆ. ಅದು ನನ್ನನ್ನೂ ಕೇಳಿದ ಪ್ರಶ್ನೆ ಎಂದು ಆಗ ಹೊಳೆಯಲಿಲ್ಲ. ನಾಟಕ ಮುಗಿದ ಮೇಲೆ ಪಂಚೆಗೆ ಸೋಪು ಹಾಕಿ ತಿಕ್ಕಿದೆ. ತಿಕ್ಕಿದಷ್ಟೂ ಕೆಂಪಾಯಿತು.

ಅದೇ ವಾರ ನಮ್ಮ ಯುಗಾದಿ ಗುಂಪಿನ ಹುಬ್ಬಳ್ಳಿಯ ಕುಲಕರ್ಣಿಯೂ ಹಾಸನದ ಮಂಜುವೂ ಮನೆಗೆ ಬಂದರು. ಇಬ್ಬರ ಮುಖದಲ್ಲೂ ವಿಪರೀತ ನಗು.

"ಈ ಸಲ ನೀವು ಆರಾಮ ಕೂಡ್ರಿ ಸರ್, ಬಾತ್ ನಾವ ಮಾಡ್ತೀವಿ," ಎಂದ ಕುಲಕರ್ಣಿ.

ಕಾಪಾಡುತ್ತಾಳೆಂದು ಸುಧಾಳ ಕಡೆ ನೋಡಿದೆ. "ನಾನೇ ಇವ್ರಿಗೆ ಹೇಳ್ಕಳಿಸ್ದೆ ರೀ," ಎಂದು ಕಾಫಿ ಇಟ್ಟಳು. ಇರಿಯುವವರ ನಡುವೆ ತನ್ನ ಪ್ರೀತಿಯ ಗೆಳೆಯನನ್ನು ಕಂಡು ಸೀಸರ್ ಸುಮ್ಮನಾದನಂತೆ. ನಾನೂ ಸುಮ್ಮನೆ ಕಾಫಿ ಕುಡಿದೆ.

ಆದರೂ ಅಷ್ಟು ಸುಲಭಕ್ಕೆ ಬಿಡುತ್ತೇನೆಯೇ? ಸೀಸರನ ರಕ್ತಸಿಕ್ತ ಬಟ್ಟೆ ತೋರಿಸಿದಾಗ ಜನ ರೊಚ್ಚಿಗೆದ್ದರೆಂದು ಮಗಳೇ ಹೇಳಿದ್ದಳು. ಯುಗಾದಿಗೆ ಬೇಕೆಂದೇ ಅದೇ ಪಂಚೆ ಉಟ್ಟು, ಕಲೆ ಮುಂದೆ ಕಾಣುವಂತೆ ಕೂತೆ. ಯಾರೂ ರೊಚ್ಚಿಗೇಳಲಿಲ್ಲ. ಮಂಜುವಿನ ತಾಯಿ ಮಾತ್ರ, "ಆರತಿ ನೀರು ಚೆಲ್ಕೊಂಡ್ರಾ? ವರ್ಷದ ಮೊದಲ್ನೇ ದಿನ, ಶುಭಾನೇ ಬಿಡಿ," ಎಂದರು.

ಬಾತ್ ಬಂತು. ಖಾರ ಇಲ್ಲ, ತರಕಾರಿ ಜಾಸ್ತಿ. ಏನೋ ಅನ್ನಬೇಕೆಂದು ಬಾಯಿ ತೆರೆದೆ.

"ಅಪ್ಪ, ಇನ್ನೊಂಚೂರು ಹಾಕಿಸ್ತೀಯಾ?" ಎಂದಳು ಅನಘಾ. ನನ್ನ ಆಳ್ವಿಕೆಯುದ್ದಕ್ಕೂ ಮೊಸರನ್ನ ತಿಂದ ಹುಡುಗಿ! ಯುಗಾದಿಯ ಊಟಕ್ಕೆ ಅವಳ ಪಕ್ಕ ಕೂತದ್ದೂ ಅವತ್ತೇ ಮೊದಲು. ಸೌಟು ಹಿಡಿದವನಿಗೆ ಎಲ್ಲಿಯ ಪುರುಸೊತ್ತು? ನಿಜ ಹೇಳುತ್ತೇನೆ, ಮನಸ್ಸು ತುಂಬಿ ಬಂತು.

ಬಾತ್ ಹಾಕಿಸಿಕೊಳ್ಳಲು ಇಬ್ಬರೂ ಎದ್ದೆವು. ಪಾಯಸದ ಪಾತ್ರೆಯ ಹತ್ತಿರ ಯಾರೂ ಇರಲಿಲ್ಲ. ಕೈ ತಾನಾಗಿ ಸೌಟಿನ ಕಡೆ ಹೋಯಿತು.

"ಅಪ್ಪಾ!"

ಸೌಟನ್ನು ಅವಳ ಕೈಗೆ ಕೊಟ್ಟೆ. ಅವಳು ಖುಷಿಯಿಂದ ಬಡಿಸತೊಡಗಿದಳು. ನಾನು ಪಕ್ಕದಲ್ಲಿ ನಿಂತು, ಯಾರಿಗೆ ಎಷ್ಟು ಹಾಕಬೇಕೆಂದು ಮಾತ್ರ ಹೇಳುತ್ತಿದ್ದೆ.