ಅತ್ತೆಗೆ ಕೊಟ್ಟ ಜೇಡ್ ಜೀರುಂಡೆ

ಹೆಂಡತಿ ಯಾವ ವಿಷಯದಲ್ಲಿ ಪಂಡಿತೆಯೋ ಆ ವಿಷಯದ ಉಡುಗೊರೆಯನ್ನು ಗಂಡನಾದವನು ಅವಳನ್ನು ಕೇಳದೆ ಕೊಳ್ಳಬಾರದು. ನನ್ನ ಹೆಂಡತಿ ಸುಮನಾ ಕ್ಯೋಟೋದಲ್ಲಿ ಸಂಶೋಧನೆ ಮಾಡುತ್ತಿರುವುದು ಪ್ರಾಚೀನ ಚೀನಾದ ಜೇಡ್ ಕಲ್ಲಿನ ಕೆತ್ತನೆಯ ಒಡವೆಗಳ ಮೇಲೆ. ಕೇಳಿ ಕೇಳಿ ನನಗೂ ಅರ್ಧ ವಿದ್ಯೆ ಬಂದಿದೆಯೆಂದು ನಂಬಿದ್ದೆ. ಬಾರದ ಅರ್ಧ ಯಾವುದೆಂದು ಅತ್ತೆಯ ಅರವತ್ತನೇ ಹುಟ್ಟುಹಬ್ಬದ ದಿನ ತಿಳಿಯಿತು.

ಅತ್ತೆ ಮೈಸೂರಿನಿಂದ ಬಂದಿದ್ದರು. ಏನಾದರೂ ವಿಶೇಷವಾದದ್ದು ಕೊಡಬೇಕೆಂದು ದೇವಸ್ಥಾನದ ಅಂಗಳದಲ್ಲಿ ನಡೆಯುವ ಹಳೆ ಸಾಮಾನಿನ ಸಂತೆಗೆ ಸೈಕಲ್ ತುಳಿದೆ. ಅಲ್ಲಿ ಒಬ್ಬ ಅಜ್ಜಿಯ ಮುಂದೆ ಹೆಬ್ಬೆರಳ ಗಾತ್ರದ ಹಸಿರು ಜೇಡ್ ಜೀರುಂಡೆ ಕಂಡಿತು. ಹಳೆಯ ಮಾದರಿ ನೋಡಿ ಈಚೆಗೆ ಕೆತ್ತಿದ್ದು. ನಾಲ್ಕೇ ಗೀಟಿನಲ್ಲಿ ರೆಕ್ಕೆ, ಎರಡು ಉಬ್ಬುಗಣ್ಣು, ಮುಟ್ಟಿದರೆ ಬೆಣ್ಣೆ. ಅಜ್ಜಿ ಜಪಾನಿಯಲ್ಲಿ ಏನೋ ಹೇಳಿದರು. ನನ್ನ ಜಪಾನಿ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಮೊಸರು ಕೊಳ್ಳುವಷ್ಟು. ಕೊನೆಗೆ ಅವರು ಕಣ್ಣು ಮುಚ್ಚಿ, ತಲೆ ವಾಲಿಸಿ, ಬಾಯಿ ತೋರಿಸಿ ಕೈಮುಗಿದರು. ಬಾಯ್ತುಂಬ ಹರಸುತ್ತಿದ್ದಾರೆಂದು ನಾನೂ ಬಗ್ಗಿ "ಅರಿಗಾತೋ" ಎಂದೆ. ಪೋಣಿಸಲು ತೂತಿರಲಿಲ್ಲ. ಮನೆಗೆ ಬಂದು ಜರಿದಾರ ಸುತ್ತಿ ಪದಕ ಮಾಡಿದೆ.

ಆರತಿ ಮುಗಿದ ಮೇಲೆ ಅತ್ತೆ ಅದನ್ನು ಕೊರಳಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಸುಮನಾ ಹತ್ತಿರ ಬಂದು ತಿರುಗಿಸಿ ನೋಡಿದಳು.

"ರೀ, ಇದಕ್ಕೆ ತೂತೆಲ್ಲಿ?"

"ಇರ್ಲಿಲ್ಲ. ನಾನೇ ಅಡ್ಜಸ್ಟ್ ಮಾಡ್ದೆ."

"ಅಯ್ಯೋ! ತೂತಿದ್ರೆ ಬದುಕಿರೋರು ಹಾಕ್ಕೊಳ್ಳೋದು. ಇಲ್ದಿದ್ರೆ ಸತ್ತವರ ನಾಲಿಗೆ ಮೇಲೆ ಇಡೋದು ರೀ!"

ಅಜ್ಜಿಯ ಅಭಿನಯ ಈಗ ಅರ್ಥವಾಯಿತು. ನಾವು ಗಂಗಾಜಲ ಬಿಡುವ ಬಾಯಿಗೆ ಚೀನಾದವರು ಜೀರುಂಡೆ ಇಡುತ್ತಿದ್ದರಂತೆ. ನಾನದನ್ನು ಅತ್ತೆಗೆ, ಅದೂ ಹುಟ್ಟುಹಬ್ಬದಂದು, ಮುಂಗಡವಾಗಿಯೇ ತಂದುಕೊಟ್ಟಿದ್ದೆ! ಭೂಕಂಪದ ದೇಶ, ಈಗಲೇ ಒಂದು ಸಣ್ಣದಾದರೂ ಆಗಬಾರದೇ ಎನಿಸಿತು.

ಅತ್ತೆ ನನ್ನನ್ನೇ ನೋಡಿದರು. "ಅಳಿಯಂದಿರೇ, ನನ್ನ ಮಾತು ಅಷ್ಟೊಂದು ಜಾಸ್ತಿ ಆಯ್ತೇ?" ಎಂದವರೇ ಸೋಫಾದ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ಜೀರುಂಡೆ ಮಣ್ಣೊಳಗಿಂದ ಎದ್ದು ಬರುತ್ತಲ್ಲಮ್ಮ, ಹಾಗೇ ಮರುಹುಟ್ಟು ಬರ್ಲಿ ಅಂತ ಇಡ್ತಿದ್ರು," ಎಂದು ಸುಮನಾ ನನ್ನ ಮಾನ ಕಾಪಾಡಿದಳು. "ಜಪಾನಿನವರೂ ಅರವತ್ತು ತುಂಬಿದ್ರೆ ಮರುಹುಟ್ಟು ಅಂತಾರೆ."

"ಹಾಗಾದ್ರೆ ನಾನಿನ್ನು ಕೂಸು! ಇದನ್ನ ತೆಗೆಯೋದೇ ಇಲ್ಲ," ಎಂದ ಅತ್ತೆ ಮೈಸೂರಿನ ತಂಗಿಯರಿಗೆಲ್ಲ ವೀಡಿಯೋ ಕಾಲ್ ಮಾಡಿ, "ನಮ್ಮಳಿಯ ತಂದಿದ್ದು, ಸತ್ತೋರ ಬಾಯಲ್ಲಿಡೋದು!" ಎಂದು ಹೆಮ್ಮೆಯಿಂದ ತೋರಿಸತೊಡಗಿದರು. ಆ ಕಡೆಯ ಮುಖಗಳು ಬಿಳಿಚಿಕೊಂಡವು. ನಾನು ಫೋನಿಗೆ ಮುಖ ತೂರಿಸಿ, "ಹಾಗಲ್ಲ ಚಿಕ್ಕಮ್ಮ, ಪ್ರಾಚೀನ ಚೀನಾದಲ್ಲಿ..." ಎಂದು ಶುರುಮಾಡಿದೆ. ಅತ್ತೆ ತಟ್ಟೆಯಿಂದ ಬಿಸಿ ಹೋಳಿಗೆಯ ತುಂಡು ಮುರಿದು ನನ್ನ ಬಾಯಿಗೆ ತುರುಕಿದರು. ಉಪನ್ಯಾಸ ಅಲ್ಲಿಗೇ ನಿಂತಿತು.

ನುಂಗಿದೆ. ತುಪ್ಪ ಚೆನ್ನಾಗಿ ಬಿದ್ದಿತ್ತು. ಗಂಟಲು ಸರಿಮಾಡಿಕೊಂಡು ಮತ್ತೆ, "ಪ್ರಾಚೀನ ಚೀನಾದಲ್ಲಿ..." ಎಂದು ಬಾಯಿ ತೆರೆದೆ.