ದನದ ವೈದ್ಯದ ಪುಸ್ತಕ ಹರಾಜಿಗೆ ಹೋದದ್ದು

ಮಂಡ್ಯದ ಗುತ್ತಲಿನಲ್ಲಿ ಹಳೇ ಪುಸ್ತಕದ ಅಂಗಡಿ ಇಟ್ಟುಕೊಂಡವನು ನಾನು. ಈ ಕಸುಬಿನಲ್ಲಿ ಲಾಭ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಗು ಮಾತ್ರ ದಿನಾ ನಾನು ಷಟರು ಎತ್ತುವ ಮೊದಲೇ ಬಂದು ಬಾಗಿಲಲ್ಲಿ ಕೂತಿರುತ್ತದೆ. ಊರಿಗೆಲ್ಲ ನಾನು ‘ರದ್ದಿಯಣ್ಣ’. ಬೇಜಾರಿಲ್ಲ ಅಂದರೆ ಸುಳ್ಳಾಗುತ್ತದೆ. ನನ್ನ ಕೈಯಿಂದ ಹೋದ ಒಂದೇ ಒಂದು ಪುಸ್ತಕ ಬೆಂಗಳೂರಿನ ದೊಡ್ಡ ಹರಾಜಿನಲ್ಲಿ ಕೂಗಿಸಿಕೊಳ್ಳಬೇಕು, ಆಮೇಲೆ ಯಾರು ರದ್ದಿ ಅನ್ನುತ್ತಾರೋ ನೋಡೋಣ ಅನ್ನುವುದು ನನ್ನ ಬಹಳ ದಿನದ ಆಸೆ. ಆ ಆಸೆಯ ಬೆನ್ನು ಹತ್ತಿ ಪಟ್ಟ ಪಾಡು ಇದು.

೧. ಅಪರೂಪ

‘ಅಪರೂಪದ ಹಳೇ ಪುಸ್ತಕಗಳನ್ನು ಕೊಳ್ಳಲಾಗುವುದು’ ಅಂತ ಬೋರ್ಡು ಬರೆಸಿದೆ. ಬಣ್ಣ ಒಣಗುವ ಮೊದಲೇ ಹನಕೆರೆಯಿಂದ ಒಬ್ಬ ಯಜಮಾನರು ರೈಲಿನಲ್ಲಿ ಬಂದಿಳಿದರು. ಟವೆಲಿನಲ್ಲಿ ಸುತ್ತಿ ತಂದದ್ದನ್ನು ಮೇಜಿನ ಮೇಲಿಟ್ಟು ಒಂದೊಂದೇ ಮಡಿಕೆ ಬಿಚ್ಚಿದರು. ಒಳಗಿದ್ದದ್ದು ಹಳೇ ಟೆಲಿಫೋನ್ ಡೈರೆಕ್ಟರಿ.

“ಯಜಮಾನ್ರೇ, ಇದು ಅಪರೂಪದ್ದಲ್ಲ. ಆಗ ಇದನ್ನ ಸಾವಿರಗಟ್ಟಲೆ ಅಚ್ಚು ಹಾಕಿದ್ರು” ಅಂದೆ.

“ಅಂಗಾ? ನಿನ್ನಂಗ್ಡೀಲಿ ಇನ್ನೊಂದು ಅದಾ?”

“ಇಲ್ಲ.”

“ಮಂಡ್ಯದಲ್ಲಿ ಇನ್ನೆಲ್ಲಾರ ನೋಡಿದ್ದೀಯಾ?”

“ಈಚೆಗೆ ನೋಡಿಲ್ಲ.”

“ಮತ್ತೆ ಅಪ್ರೂಪ ಅಂದ್ರೆ ಇನ್ನೇನಪ್ಪಾ?”

ದುಡ್ಡು ಎಣಿಸಿ ಕೊಟ್ಟು ಕೊಂಡುಕೊಂಡೆ. ಯಜಮಾನರಿಗೆ ನನ್ನ ಮೇಲೆ ವಿಶ್ವಾಸ ಹುಟ್ಟಿತು. ಮೆಟ್ಟಿಲಿಳಿಯುತ್ತಾ ತಿರುಗಿ ಹೇಳಿದರು: “ನಮ್ಮನೆ ನಂಬ್ರು ಅದ್ರಲ್ಲೇ ಅದೆ. ಯಾವಾಗ್ಲಾರ ಒಂದು ಫೋನ್ ಮಾಡು.”

೨. ಕೊಟ್ಟಿಗೆಯ ಗೂಡು

ಮಳವಳ್ಳಿ ಕಡೆಯ ಒಬ್ಬ ಗೌಡರು ಕೊಟ್ಟಿಗೆಗೆ ಹೊಸ ಶೀಟು ಹೊದಿಸಬೇಕೆಂದು ಹಳೇ ಸಾಮಾನು ಖಾಲಿ ಮಾಡುತ್ತಿದ್ದರು. ಪೇಪರು, ಪುಸ್ತಕ ಇದ್ದರೆ ನೋಡು ಬಾ ಅಂತ ನನ್ನನ್ನು ಕರೆಸಿದರು. ಪೇಪರಿನಲ್ಲಿ ಏನೂ ಇರಲಿಲ್ಲ. ಕೈ ತೊಳೆಯಲು ಕೊಟ್ಟಿಗೆಗೆ ಹೋದವನು ಗೋಡೆಯ ಗೂಡಿನಲ್ಲಿ, ಹರಳೆಣ್ಣೆ ಬಾಟಲಿಗೂ ಮೂಗುದಾರಕ್ಕೂ ನಡುವೆ, ಒಂದು ಪುಸ್ತಕ ಕಂಡೆ. ಕಲ್ಲಚ್ಚಿನದು. ಕನ್ನಡದಲ್ಲಿ ಅಚ್ಚಿನ ಕೆಲಸ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದ್ದು. ದನಗಳ ಕಾಯಿಲೆ, ಅದಕ್ಕೆ ಮದ್ದು. ಇಂಥದ್ದು ಇನ್ನೊಂದಿದೆಯೆಂದು ನಾನು ಕೇಳಿದ್ದೇ ಇಲ್ಲ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಮೆಲ್ಲಗೆ ಎತ್ತಿಕೊಂಡೆ.

“ಗೌಡ್ರೇ, ಇಂಥಾ ಪುಸ್ತಕಾನ ಇಲ್ಲಿ ಇಡೋದಾ?”

“ದನಿನ್ ಪುಸ್ತಕ ದನಿನ್ ಕೊಟ್ಟಿಗೇಲಲ್ದೆ ದ್ಯಾವ್ರ ಮನೇಲಿ ಇಡ್ಲಾ ಸಾ?”

ಹರಾಜಿನ ವಿಷಯ ಹೇಳಿದೆ. ಗೌಡರಿಗೆ ಆಗಲೇ ತಲೆಯ ಮೇಲೆ ಹೊಸ ಶೀಟು ಕಂಡಿತು. ಆದರೆ ಅವರ ತಾಯಿ ಅಡ್ಡ ಬಂದರು. ಸುತ್ತಲಿನ ಹಳ್ಳಿಗಳ ದನಗಳಿಗೆಲ್ಲ ಮದ್ದು ಅರೆದುಕೊಡುವವರು ಆಕೆ. ಹಾಲಿನ ಡೈರಿಯಲ್ಲಿ ಕೆಲಸ ಮಾಡುವ ಸೊಸೆ ಪುಸ್ತಕ ಓದಿ ಹೇಳುವುದು, ಅತ್ತೆ ಅರೆಯುವುದು, ಇದು ಆ ಮನೆಯ ಪದ್ಧತಿ.

“ಕೆಂದಸ ಗಬ್ಬ ಅದೆ. ಅದು ಈಯೋಗಂಟ ಪುಸ್ತಕ ಕೊಡಕಿಲ್ಲ” ಅಂದರು ಅವ್ವ.

“ಜೆರಾಕ್ಸ್ ಮಾಡ್ಸಿ ಕೊಡ್ತೀನಿ ಬುಡವ್ವಾ” ಅಂದರು ಗೌಡರು.

ಅವ್ವ ಮಗನನ್ನು ಕನಿಕರದಿಂದ ನೋಡಿದರು. “ಜೆರಾಕ್ಸ್ ಓದುದ್ರೆ ಹಸ ವಾಸಿಯಾದದೇನ್ಲಾ?”

೩. ಕಲೆಗಳ ವಿಚಾರ

ಹರಾಜು ಕಂಪನಿಯವರು ಬಹಳ ನಯಸ್ಥರು. ಗೌಡರಿಗೆ ವಿಡಿಯೋ ಕಾಲ್ ಮಾಡಿ ಪುಸ್ತಕದ ಆರೋಗ್ಯ ವಿಚಾರಿಸಿದರು.

“ಈ ಪುಟದಲ್ಲಿ ಕಂದು ಕಲೆ ಇದೆಯಲ್ಲ, ಮಸಿಯೇ ಸರ್?”

“ಅಳ್ಳೆಣ್ಣೆ. ಒಟ್ಟೆ ಉಬ್ರ ಬಂದ್ರೆ ಕುಡ್ಸೋದು.”

“ಈ ಹಸಿರು?”

“ಅದು ಕುಡ್ಸುದ್ಮೇಲೆ ಆಚ್ಗೆ ಬಂದುದ್ದು.”

ಕಂಪನಿಯವರು ಸ್ವಲ್ಪ ನೀರು ಕುಡಿದರು. “ಕೊನೆಯಲ್ಲಿ ಒಂದು ಹಾಳೆ ಇಲ್ಲ?”

“ಕರ ತಿನ್ಕೊಬುಡ್ತು.”

“ಅಯ್ಯೋ! ಅದರಲ್ಲಿ ಏನಿತ್ತು ಅಂತ ಯಾರಿಗಾದರೂ ನೆನಪಿದೆಯಾ?”

“ಅದೇ ಸಾ, ಕರ ತಿನ್ನಬಾರದ್ದ ತಿಂದ್ರೆ ಏನು ಮಾಡ್ಬೇಕು ಅಂತ.”

೪. ಮದ್ದೂರು ಬಸ್ಸು

ಅದೇನು ಮನಸ್ಸಾಯಿತೋ, ಒಂದು ದಿನ ಅವ್ವ ಇದ್ದಕ್ಕಿದ್ದಂತೆ ಒಪ್ಪಿದರು. ನಾನು ಅಲ್ಲೇ ಜಗಲಿಯ ಮೇಲೆ ಕೂತು ಮೆತ್ತನೆಯ ಬ್ರಷ್ಷಿನಲ್ಲಿ ಧೂಳು ತೆಗೆದು, ಉಸಿರು ಬಿಗಿಹಿಡಿದು ಮೊದಲ ಪುಟ ಶುಚಿ ಮಾಡಿದೆ. ಎದ್ದು ಹೊರಡುವಷ್ಟರಲ್ಲಿ ಅವ್ವ ಬಂದು, ಮನೆ ಬಿಟ್ಟು ಹೋಗುವ ವಸ್ತು ಅಂತ, ಅದೇ ಪುಟದ ನಟ್ಟನಡುವೆ ಹೆಬ್ಬೆರಳಲ್ಲಿ ಅರಿಶಿನ ಕುಂಕುಮ ಒತ್ತಿದರು. ನಾನು ಪುಸ್ತಕ ಎತ್ತಿಕೊಂಡು ಜಗಲಿ ಇಳಿದೆ. ಇನ್ನೊಂದು ಗಳಿಗೆ ನಿಂತಿದ್ದರೆ ನನ್ನ ಹಣೆಗೂ ಬೀಳುತ್ತಿತ್ತು.

ಬೆಂಗಳೂರಿನ ಕಂಪನಿಗೆ ಪುಸ್ತಕ ಮುಟ್ಟಿಸಲು ಹತ್ತಿದ ಮದ್ದೂರಿನ ಬಸ್ಸಿನಲ್ಲಿ ನಿಂತವರೇ ಹೆಚ್ಚು. ಪುಸ್ತಕವನ್ನು ಎದೆಗವಚಿಕೊಂಡು ಕೂತಿದ್ದೆ. ಪಕ್ಕದ ಅಜ್ಜಿಗೆ ಕುತೂಹಲ.

“ಅದೇನು ಮಗಾ, ಮೊಟ್ಟೆಯಾ?”

“ಪುಸ್ತಕ ಅಜ್ಜಿ. ನೂರೈವತ್ತು ವರ್ಷಕ್ಕೂ ಹಳೇದು.”

ಅಜ್ಜಿ ಲೊಚಗುಟ್ಟಿದರು. “ಅಯ್ಯೋ ಸಿವನೇ, ಇನ್ನೂವೆ ಓದಿ ಮುಗ್ದಿಲ್ವಾ?”

ಬಸ್ಸಿಗೆ ಬಸ್ಸೇ ನಕ್ಕಿತು. ಮದ್ದೂರಿನಲ್ಲಿ ಇಳಿಯುವಾಗ ಕಂಡಕ್ಟರು ಗಂಭೀರವಾಗಿ ಕೇಳಿದ: “ಪರೀಕ್ಸೆ ಯಾವಾಗ ಸಾರ್?”

೫. ಹರಾಜು

ಹರಾಜು ನಡೆದದ್ದು ಕಂಪ್ಯೂಟರಿನಲ್ಲಿ. ಎಲ್ಲೆಲ್ಲೋ ಕೂತವರು ಅವರವರ ಫೋನಿನಲ್ಲೇ ಬೆಲೆ ಕೂಗುತ್ತಾರೆ. ನಮಗೆ ಕಾಣುವುದು ಕೂಗಿದವರ ನಂಬರು ಮಾತ್ರ. ಗೌಡರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಅಂಗಡಿಗೆ ಬಂದು ಕೂತರು. ಪಟ್ಟಿಯಲ್ಲಿ ನಮ್ಮ ಪುಸ್ತಕದ ಪಟ, ಕೆಳಗೆ ‘ಮಂಡ್ಯ’ ಎಂಬ ಹೆಸರು. ಅದರ ಮೇಲೆ ಬೆರಳಿಟ್ಟು ಎರಡು ಸಲ ಓದಿದೆ.

ಶುರುವಿನಲ್ಲಿ ಐದಾರು ಜನ ಇದ್ದರು. ಕೊನೆಗೆ ಇಬ್ಬರು ಉಳಿದರು. ಒಬ್ಬರು ಯಾವುದೋ ಲೈಬ್ರರಿಯವರು ಅಂತ ಕಂಪನಿಯವರು ಮೊದಲೇ ಗುಟ್ಟಾಗಿ ಹೇಳಿದ್ದರು. ಇನ್ನೊಬ್ಬರು ಯಾರೋ ಗೊತ್ತಿಲ್ಲ. ಲೈಬ್ರರಿ ಯೋಚಿಸಿ ಯೋಚಿಸಿ ಒಂದು ಮೆಟ್ಟಿಲು ಹತ್ತಿದರೆ, ಇವರು ಕಣ್ಣು ಮಿಟುಕಿಸುವುದರೊಳಗೆ ಮುಂದಿನದು ಹತ್ತುತ್ತಿದ್ದರು. ನನ್ನ ಅಂಗಡಿಯನ್ನು ಷಟರು ಸಮೇತ ಮಾರಿದರೂ ಹುಟ್ಟದಷ್ಟು ಬೆಲೆಯಾಯಿತು.

“ಲಂಡನ್ನೋನೇ ಇರ್ಬೇಕು ಸಾ,” ಅಂದರು ಗೌಡರು. “ನಮ್ಮೋರ್ಗೆ ಇಷ್ಟು ಬುದ್ಧಿ ಎಲ್ಲದೆ?”

ಲೈಬ್ರರಿ ಕೈಚೆಲ್ಲಿತು. ಮಾರಾಟವಾಯಿತು ಅಂತ ಪರದೆಯ ಮೇಲೆ ಬಂತು. ಗೌಡರು ನನ್ನನ್ನು ಎತ್ತಿ ಇಳಿಸಿದರು. ನಾನು ಅತ್ತೇಬಿಟ್ಟೆ. ಅಷ್ಟರಲ್ಲಿ ಗೌಡರ ಫೋನು ಹೊಡೆದುಕೊಂಡಿತು. ಅವ್ವ.

“ಲೇ ಮಗಾ, ಪುಸ್ತಕ ನಮ್ಗೇ ಆಯ್ತು ಕಣ್ಲಾ! ನಾನು ಕೂಗ್ತಿದ್ದೆ, ನಿನ್ನೆಂಡ್ರು ಒತ್ತುತಿದ್ಲು.”

ಗೌಡರು ಕೂತರು. “ಯಾಕವ್ವಾ?”

“ಯಾಕೆ ಅಂದ್ರೆ? ಮಾರಮ್ಮನ ಗುಡಿಗೆ ನಾವು ಕೊಟ್ಟ ಬಾಳೆಗೊನೆಯ ವರ್ಸೊರ್ಸವೂ ಅರಾಜಲ್ಲಿ ನಾವೇ ಕೂಗಿ ತರಲ್ವಾ? ಯಾವತ್ತಾರ ಬ್ಯಾರೇರ್ಗೆ ಬುಟ್ಟಿದ್ದೀವಾ? ಮನೆ ಮರ್ವಾದೆ ಕಣ್ಲಾ!”

“ದುಡ್ಡು ಯಾರು ಕೊಡೋದು?”

“ನೀನು. ಪುಸ್ತಕದ ದುಡ್ಡು ನಿಂಗೇ ತಾನೆ ಬರೋದು?”

ಮಾರುವ ಮನೆಯವರೇ ಕೂಗುವಂತಿಲ್ಲ. ನಾನೇ ಕಂಪನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಆ ಕಡೆ ತಡೆಯಲಾರದ ನಗು. ಮಾರಾಟ ರದ್ದಾಯಿತು. ಗೌಡರಿಗೆ ಶೀಟು ತಪ್ಪಿತು, ನನಗೆ ಹೆಸರು ತಪ್ಪಿತು. ಎರಡು ದಿನ ಊಟ ಸೇರಲಿಲ್ಲ.

ವಾರದೊಳಗೆ ಪುಸ್ತಕ ನನ್ನ ಅಂಗಡಿಗೆ ವಾಪಸು ಬಂತು. ಜೊತೆಗೆ ಒಂದು ಜೊತೆ ಬಿಳೀ ಗ್ಲೌಸು. ಇಷ್ಟು ಅಮೂಲ್ಯವಾದದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿರೆಂದು ಮನವಿ. ಎಲ್ಲವನ್ನೂ ಹೊತ್ತು ಮಳವಳ್ಳಿಗೆ ಹೋದರೆ ಮನೆಯಲ್ಲಿ ಯಾರೂ ಇಲ್ಲ. ಎಲ್ಲರೂ ಕೊಟ್ಟಿಗೆಯಲ್ಲಿ. ಗಬ್ಬದ ಕೆಂಪು ಹಸುವಿಗೆ ನೋವು ಬಂದು ಕರು ಅಡ್ಡ ಸಿಕ್ಕಿಕೊಂಡಿತ್ತು. ಡಾಕ್ಟರು ಇನ್ನೂ ದಾರಿಯಲ್ಲಿದ್ದರು. ಗೌಡರ ಮುಖದಲ್ಲಿ ರಕ್ತವಿರಲಿಲ್ಲ.

ಸೊಸೆ ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು, ಹೆಬ್ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿ ಓದತೊಡಗಿದಳು. ಅವ್ವ ಗ್ಲೌಸು ಕಂಡವರೇ ಎರಡೂ ಕೈಗೆ ಏರಿಸಿ ಹಸುವಿನ ಹಿಂದೆ ಕೂತರು. ನನಗೆ ಪುಸ್ತಕವೂ ಮರೆತುಹೋಯಿತು, ಹರಾಜೂ ಮರೆತುಹೋಯಿತು. ಹಸು ಉಳಿದರೆ ಸಾಕೆಂದು ಕೈ ಮುಗಿದು ನಿಂತೆ. ಬಹಳ ಹೊತ್ತಿನ ಮೇಲೆ ಕರು ಹೊರಬಂತು. ಹಸು ತಿರುಗಿ ಅದನ್ನು ನೆಕ್ಕಿತು. ಗೌಡರು ಗೋಡೆಗೆ ಒರಗಿ ಅತ್ತರು.

ಅವ್ವ ಬಂದು ಗ್ಲೌಸು ಬಿಚ್ಚಿ ನನ್ನ ಕೈಯಲ್ಲಿಟ್ಟರು. ಅದು ಯಾವ ಬಣ್ಣದಲ್ಲಿತ್ತೆಂದು ಹೇಳುವುದಿಲ್ಲ.

“ಬೆಂಗ್ಳೂರೋರು ಬೋ ಒಳ್ಳೇರು ಕಣಪ್ಪಾ,” ಅಂದರು, “ಆದ್ರೆ ಗ್ಲೌಸು ಗಿಡ್ಡಾಯ್ತು. ಮೊಣಕೈಗಂಟ ಇರೋದ ಕಳ್ಸಕ್ಕೇಳು.”