ಕಾರ್ಡೀಲಿಯಾ ವೇನಳ ಕಾಳಿನ ಮಡಕೆ

ಮಡಕೆಯ ಮುಚ್ಚಳ ಸ್ವಲ್ಪ ಸಡಿಲವಾಗಿತ್ತು. ತಪ್ಪೆಲ್ಲ ಅದರದೇ.

ಬುಧವಾರ ಸಂಜೆ ಹಾರ್ಲೋ ಫಾಲ್ಸ್ ಊರಿನ ಚರ್ಚಿನಲ್ಲಿ ಸಹಭೋಜನ. ಪ್ರತಿ ಮನೆಯಿಂದಲೂ ಒಂದೊಂದು ಅಡುಗೆ ಹೋಗಬೇಕು. ಪ್ರೊಫೆಸರ್ ಆರ್ವಿಲ್ ಪ್ರೆಂಟಿಸ್ ಒಂಟಿ ಜೀವ. ಅವನಿಗೆ ಬರುವುದು ಕಾಕಂಬಿಯ ಅಂಟುಪಾಕ ಹಾಕಿ ಬೇಯಿಸಿದ ಕಾಳು ಒಂದೇ. ಅಡುಗೆಗಳನ್ನು ಒಯ್ಯಲು ಮಧ್ಯಾಹ್ನವೇ ಪಕ್ಕದ ಮನೆಯ ವಿಧವೆ ಬರ್ನಿಸ್ ಕೆಟಲ್ಸನ್ ಕಾರು ತಂದು ಹಾರನ್ ಬಾರಿಸುತ್ತಿದ್ದಳು. ಮುಚ್ಚಳ ಅಲುಗಾಡದಿರಲೆಂದು ಆರ್ವಿಲ್ ಕಸದ ಬುಟ್ಟಿಯಿಂದ ಒಂದು ಹಾಳೆ ಎತ್ತಿ, ಮಡಚಿ, ಸಂದಿಗೆ ತುರುಕಿ ಮಡಕೆ ಕೊಟ್ಟುಬಿಟ್ಟ.

ಅದು ಯಾವ ಹಾಳೆ ಎಂದು ಹೊಳೆಯುವಷ್ಟರಲ್ಲಿ ಕಾರು ತಿರುವು ದಾಟಿತ್ತು.

ಆರ್ವಿಲ್ ಬರೆಯದ ವಿಷಯವಿರಲಿಲ್ಲ. ಹಳೆಯ ಸೇತುವೆಗಳ ಮೇಲೆ ನಾಲ್ಕು ಸಂಪುಟ, ಲ್ಯಾಟಿನ್ ವ್ಯಾಕರಣ, ಒಹಾಯೊದ ಗೂಬೆಗಳ ಬಗ್ಗೆ ಒಂದು ಪುಸ್ತಕ. ಇವನ್ನೆಲ್ಲ ಊರು ಬಹಳ ಗೌರವದಿಂದ ಓದದೆ ಬಿಟ್ಟಿತ್ತು. ಓದಿದ್ದು ಯಾರೂ ಕಂಡಿರದ ಕಾರ್ಡೀಲಿಯಾ ವೇನ್ ಎಂಬಾಕೆಯ ‘ಮೂಲೆಮನೆ ವಿಧವೆ’ ಎಂಬ ಪ್ರೇಮಕಾದಂಬರಿಯನ್ನು ಮಾತ್ರ. ಅದರಲ್ಲಿ ಊರಿನ ಎಲ್ಲರ ಗುಟ್ಟೂ ಇತ್ತು. ದುರ್ಬೀನು ಹಿಡಿದು ನೆರೆಮನೆಯ ಒಗೆದ ಬಟ್ಟೆ ಎಣಿಸುವ ವಿಧವೆ ಯಾರೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಕಾಲೇಜಿನ ಡೀನ್ ಲೈಮನ್ ಕ್ರಾಕರನ ವಿಗ್ಗಿಗೆ ಇಡೀ ಒಂದು ಅಧ್ಯಾಯವೇ ಮೀಸಲಾಗಿತ್ತು. ಅಂದಿನಿಂದ ಊರಿನಲ್ಲಿ ಯಾರನ್ನೂ ಯಾರೂ ನಂಬುತ್ತಿರಲಿಲ್ಲ. ಕ್ಷೌರಿಕ ಕೂಡ ಗಂಟಲ ಮೇಲೆ ಕತ್ತಿಯಿಟ್ಟುಕೊಂಡೇ “ತಾವೇನಾದ್ರೂ ಬರೀತೀರಾ?” ಎನ್ನುತ್ತಿದ್ದ.

“ಬರ್ದೋರು ನಮ್ಮ ಕಾಲೇಜಿನೋರಾದ್ರೆ ಅವತ್ತೇ ಮನೆಗೆ!” ಎಂದು ಡೀನ್ ಸಾರಿದ್ದ.

ಕಾರ್ಡೀಲಿಯಾ ವೇನ್ ಬೇರಾರೂ ಅಲ್ಲ, ಆರ್ವಿಲನೇ. ಹನ್ನೊಂದು ವರ್ಷ ಕಾದಿದ್ದ ಕಾಲೇಜಿನ ಕಾಯಂ ಹುದ್ದೆ ಬರುವ ಸೋಮವಾರ ತೀರ್ಮಾನವಾಗಲಿತ್ತು. ಸಂದಿಗೆ ತುರುಕಿದ್ದೋ ಎರಡನೆಯ ಕಾದಂಬರಿಯ ಟೈಪು ಮಾಡಿ ಕೈಯಲ್ಲಿ ತಿದ್ದಿದ್ದ ಮೊದಲ ಪುಟ, ಕಾರ್ಡೀಲಿಯಾಳ ಹೆಸರು ಸಮೇತ!

ಆರ್ವಿಲ್ ಚರ್ಚಿನ ಅಡುಗೆಮನೆಗೆ ಓಡಿದ. ಬಾಗಿಲಲ್ಲೇ ಮಿಸೆಸ್ ಕೆಟಲ್ಸನ್.

“ಏನ್ ಪ್ರೊಫೆಸರೇ, ಊಟ ಆರು ಗಂಟೆಗೆ.”

“ಕಾಳಿಗೆ ಉಪ್ಪು ಹಾಕೋದು ಮರ್ತಿದ್ದೆ.”

“ಹಂಗಾ? ಉಪ್ಪು ಎಲ್ಲಿ ತಂದಿದೀರಿ, ತೋರ್ಸಿ.”

ಆರ್ವಿಲ್ ಖಾಲಿ ಜೇಬು ತಡಕಿದ. ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿ, ಅದೇಕೋ ನಕ್ಕು, ಮೇಜುಬಟ್ಟೆ ತರಲು ಹೋದಳು. ಅಷ್ಟೇ ಸಾಕಾಯಿತು.

ಒಳಗೆ ಹದಿನಾಲ್ಕು ಮಡಕೆ, ಎಲ್ಲವೂ ಒಂದೇ ಬಗೆಯ ಕಂದು ಮಡಕೆ. ಊರಿನ ಒಂದೇ ಅಂಗಡಿಯಲ್ಲಿ ಸಿಗುವುದು ಅದೊಂದೇ. ಅದಕ್ಕೇ ಎಲ್ಲರೂ ತಳಕ್ಕೆ ಅಂಟುಪಟ್ಟಿ ಹಚ್ಚಿ ಹೆಸರು ಬರೆಯುತ್ತಾರೆ. ಒಂಬತ್ತನೆಯದು ಅವನದು. ಆದರೆ ಕಾಕಂಬಿ ಒಣಗಿ ಹಾಳೆ ಮುಚ್ಚಳಕ್ಕೂ ಮಡಕೆಗೂ ಕಚ್ಚಿಕೊಂಡಿತ್ತು. ಎಳೆದರೂ ಬರಲಿಲ್ಲ, ಉಗುರಿನಿಂದ ಕೆರೆದರೂ ಬರಲಿಲ್ಲ. ಹೊರಗೆ ಹೆಜ್ಜೆ ಸದ್ದು. ಆರ್ವಿಲ್ ತನ್ನ ಹೆಸರಿನ ಪಟ್ಟಿ ಕಿತ್ತು ಪಕ್ಕದ ಮಡಕೆಗೆ ಹಚ್ಚಿದ, ಅದರ ಪಟ್ಟಿಯನ್ನು ತನ್ನದಕ್ಕೆ ಅಂಟಿಸಿದ. ಯಾರ ಹೆಸರೆಂದು ನೋಡಲೂ ಸಮಯವಿರಲಿಲ್ಲ.

“ಆರ್ವಿಲ್! ಮಡಕೆ ತಬ್ಕೊಂಡು ಏನ್ ಮಾಡ್ತಿದೀಯಯ್ಯಾ?” ಡೀನ್ ಒಂದು ಕೈಯಲ್ಲಿ ಹೆಂಡತಿ ಕೊಟ್ಟ ಕಡುಬು, ಇನ್ನೊಂದರಲ್ಲಿ ಒಡೆಯದ ಲಕೋಟೆ ಹಿಡಿದು ನಿಂತಿದ್ದ.

“ವಾಸನೆ ನೋಡ್ತಿದ್ದೆ, ಸಾರ್.”

“ತಳದ ಕಡೆಯಿಂದಾನಾ?”

ಸಂಜೆಯ ಹೊತ್ತಿಗೆ ಪ್ರೊಫೆಸರ್ ಅಡುಗೆಗೆ ಏನೋ ಬೆರೆಸಿದ್ದಾನೆಂದು ಊರೆಲ್ಲ ಸುದ್ದಿ. ಪ್ರಾರ್ಥನೆ ಮುಗಿದರೂ ಯಾರೂ ಚಮಚ ಎತ್ತಲಿಲ್ಲ. ಮಿಸೆಸ್ ಕೆಟಲ್ಸನ್ ನೇರ ಹಾಳೆ ಕಚ್ಚಿಕೊಂಡಿದ್ದ ಮಡಕೆಗೇ ಹೋಗಿ, ಚಾಕುವಿನಿಂದ ಮುಚ್ಚಳ ಎಬ್ಬಿಸಿ, ಹಾಳೆ ಬಿಡಿಸಿ ಎತ್ತಿ ಹಿಡಿದಳು.

“ನೋಡ್ರಪ್ಪಾ! ಕಾರ್ಡೀಲಿಯಾ ವೇನ್! ಡೀನ್ ಸಾರ್, ಇದು ಯಾರ ಮಡಕೆ ಅಂತ ತಳ ನೋಡಿ ಓದಿ. ಗಟ್ಟಿಯಾಗಿ ಓದಿ!”

ಡೀನ್ ಮಡಕೆ ಎತ್ತಿ ತಳ ನೋಡಿದ. “ಕೆಟಲ್ಸನ್” ಎಂದು ಓದಿದ.

ಎಲ್ಲರ ತಲೆಯೂ ಮಿಸೆಸ್ ಕೆಟಲ್ಸನ್ ಕಡೆ ತಿರುಗಿತು. ಆಕೆ ‘ನನ್ನದಲ್ಲ’ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಡೀನ್ ಜೇಬಿನಿಂದ ಲಕೋಟೆ ತೆಗೆದ.

“ಮಧ್ಯಾಹ್ನ ಆಡಳಿತ ಮಂಡಳಿ ಪತ್ರ ಬಂತು. ಅಧ್ಯಕ್ಷರ ಹೆಂಡ್ತಿ ಆ ಪುಸ್ತಕಾನ ಮೂರು ಸಲ ಓದಿದಾರಂತೆ. ಬರ್ದೋರನ್ನ ಹುಡುಕಿ, ಸೋಮವಾರದ ಕಾಯಂ ಹುದ್ದೆ ಅವರಿಗೇ ಕೊಡಿ ಅಂತ ಅಪ್ಪಣೆ. ನನ್ನ ವಿಗ್ಗಿನ ವಿಷ್ಯ ಆಮೇಲೆ ಮಾತಾಡೋಣ, ಮಿಸೆಸ್ ಕೆಟಲ್ಸನ್. ಅಭಿನಂದನೆಗಳು.”

ತೆರೆದ ಬಾಯಿ ಮುಚ್ಚಿ, ಮತ್ತೆ ತೆರೆಯಿತು. “ಹೌದು, ನಾನೇ ಬರ್ದಿದ್ದು” ಎಂದಳು ಆಕೆ ನಾಚಿಕೊಂಡು.

“ಸುಳ್ಳು! ನಾನು ಬರ್ದಿದ್ದು!” ಆರ್ವಿಲ್ ಕುರ್ಚಿ ಉರುಳಿಸಿ ಎದ್ದ. “ಪಟ್ಟಿ ಬದಲಾಯಿಸಿದ್ದೂ ನಾನೇ! ತಿದ್ದಿರೋದು ನೋಡಿ, ನನ್ನ ಕೈಬರಹ!”

“ಗೂಬೆ ಪ್ರೊಫೆಸರ್ ಪ್ರೇಮಕತೆ ಬರೀತಾರಂತೆ!” ಎಂದರು ಯಾರೋ. ಇಡೀ ಸಭಾಂಗಣ ಗೊಳ್ಳೆಂದಿತು.

“ಪಾಪ, ಅವರ ಕೈಬರಹವೇ” ಎಂದಳು ಮಿಸೆಸ್ ಕೆಟಲ್ಸನ್. “ಅಲ್ಪವಿರಾಮ ಸರಿ ಮಾಡಿಕೊಡಿ ಅಂತ ನಾನೇ ಕೊಟ್ಟಿದ್ದೆ.”

“ಅದಕ್ಕೇನಾ ಮಧ್ಯಾಹ್ನ ಕದ್ದು ಬಂದಿದ್ದು?” ಡೀನ್ ಗದರಿದ. “ವಿಧವೆ ಪುಸ್ತಕಕ್ಕೂ ಕೈ ಹಾಕ್ತೀಯಾ? ನಾಚಿಕೆ ಆಗಲ್ವಾ?”

ಆರ್ವಿಲ್ ಉರುಳಿದ ಕುರ್ಚಿ ಎತ್ತಿಟ್ಟು ಕುಳಿತ. ಸ್ವಲ್ಪ ಹೊತ್ತಿನ ಮೇಲೆ ಮಿಸೆಸ್ ಕೆಟಲ್ಸನ್ ತಟ್ಟೆ ತುಂಬ ಕಾಳು ತಂದು ಅವನ ಮುಂದಿಟ್ಟು ಬಗ್ಗಿದಳು.

“ಹಾಳೇನ ಮಧ್ಯಾಹ್ನ ಕಾರಲ್ಲೇ ಓದಿದ್ದೆ. ಕಾಕಂಬಿ ಸವರಿ ಅಂಟ್ಸಿದ್ದೂ ನಾನೇ. ಎಲ್ಲರ ಮುಂದೆ ನಿಮ್ಮನ್ನ ಹಿಡಿದುಕೊಡ್ಬೇಕು ಅಂತಿದ್ದೆ. ನೀವೇ ನನ್ನ ಹೆಸರು ಹಚ್ಚಿದ್ರಿ. ಎಷ್ಟು ಒಳ್ಳೆ ಮನುಷ್ಯ!” ಎಂದು ಪಿಸುಗುಟ್ಟಿದಳು. “ಕಾಲೇಜಲ್ಲಿ ನಂಗೊಬ್ಬ ಸಹಾಯಕ ಕೊಡ್ತಾರಂತೆ, ನಿಮ್ಮ ಹೆಸರೇ ಹೇಳಿದೀನಿ. ಉಳಿದ ಪುಟ ಶುಕ್ರವಾರ ತಂದ್ಕೊಡಿ. ಈ ಸಲ ಆ ವಿಧವೆಗೊಂದು ಒಳ್ಳೆ ಗಂಡು ನೋಡಿ, ಪ್ರೊಫೆಸರೇ. ಮತ್ತೆ, ಈ ಕಾಳಿಗೆ ನಿಜವಾಗ್ಲೂ ಉಪ್ಪಿಲ್ಲ.”